ಮೋತ್ಯಾನ ಮೈಗೂದಲು

ಮುಧೋಳ ನಾಯಿಯ ಹೆಸರು ನೀವೆಲ್ಲರೂ ಕೇಳಿದ್ದೀರಿ. 2005ರಲ್ಲಿ ಅದರ ಚಿತ್ರ ಅಂಚೆ ಚೀಟಿಯ ಮೇಲೆ ಬಂದಿದೆ. ಅದರ ಮೈಮೇಲೆ ಗಿಡ್ಡ, ನುಣುಪಾದ ಕೂದಲು. ನಮ್ಮ ಮೋತ್ಯಾ ಅಂಥ ದೊಡ್ಡ ಜಾತಿಯದಲ್ಲ. ನಮ್ಮ ಅರಕೇರಿಯಲ್ಲಿ ಕುರಿ ಹಿಂಡಿನ ಹಿಂದೆ ಹೋಗುವ ಸಾದಾ ಕರಿ ನಾಯಿ. ಆದರೂ ಅದರ ಮೈ ಎಣ್ಣಿ ಹಚ್ಚಿದಂಗ ಮಿಂಚುತ್ತಿತ್ತು.

ದೀಪಾವಳಿ ಮುಂದ ಅದರ ಕಿವಿ ಅಂಚಿನ ಕೂದಲು ಉದುರಿದವು. ಆಮೇಲೆ ಮೊಣಕಾಲು, ಹೊಟ್ಟೆ, ಬೆನ್ನು. ರಾತ್ರಿಯೆಲ್ಲ ಕರಾಕರಾ ಕೆರೆದುಕೊಳ್ಳುತ್ತಿತ್ತು. ನಮಗೂ ನಿದ್ದಿ ಇಲ್ಲ. ಓಣಿಯವರು, "ಕಜ್ಜಿ ನಾಯಿ ಐತಿ, ಹುಡುಗರಿಗೂ ಹತ್ತತೈತಿ, ದೂರ ಅಡವ್ಯಾಗ ಬಿಟ್ಟ ಬರ್ರಿ" ಅಂದರು. ಒಬ್ಬರು ಮೋಟಾರ್ ಸೈಕಲ್ಲಿನ ಸುಟ್ಟ ಎಣ್ಣಿಯನ್ನೇ ಡಬ್ಬಿಯಲ್ಲಿ ತಂದರು. ಅಜ್ಜ ಎರಡಕ್ಕೂ ಒಪ್ಪಲಿಲ್ಲ. "ಐದ ವರ್ಷ ನಮ್ಮ ಕುರಿ ಕಾದೈತಿ. ಮೊದಲ ಡಾಕ್ಟರಿಗೆ ತೋರಸೂಣು" ಅಂದ.

ಪಶುವೈದ್ಯರು ತೊಗಲನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣ್ಣಿಗೆ ಕಾಣದ ನುಸಿಗಳು ತೊಗಲಿನೊಳಗೆ ದಾರಿ ಕೊರೆದು ತತ್ತಿ ಇಡುತ್ತವಂತೆ. ಓಣಿಯವರು ಹೇಳಿದ್ದು ಅರ್ಧ ಖರೆ, ಅದು ನಮಗೂ ತುರಿಕೆ ತರುತ್ತದೆ. ಅದಕ್ಕೆ ಮೋತ್ಯಾನನ್ನು ಬೇರೆ ಕಟ್ಟಿದೆವು. ಆದರೆ ಸುಟ್ಟ ಎಣ್ಣಿ ಹಚ್ಚಿದರೆ ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ.

ಡಾಕ್ಟರು ಇಂಜೆಕ್ಷನ್ ಮಾಡುತ್ತ ಬಹಳ ಸಂಗತಿ ಹೇಳಿದರು. ನಾಯಿಯ ತೊಗಲು ನಮ್ಮ ತೊಗಲಿಗಿಂತ ತೆಳು. ಕೂದಲಿನ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ಮೈ ಮಿಂಚುವುದು ಅದರಿಂದಲೇ, ಮಳೆ ನೀರು ಬೇಗ ಒಳಗೆ ಇಳಿಯದಿರುವುದೂ ಅದರಿಂದಲೇ. ನಾವು ಮೈಗೆ ಹಚ್ಚುವ ಸಾಬೂನಿನಿಂದ ತಿಕ್ಕಿದರೆ ಆ ಎಣ್ಣೆ ಹೋಗಿ ತೊಗಲು ಒಣಗುತ್ತದೆ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಉಳಿದದ್ದು ನಾಲಿಗೆ ಹೊರಗೆ ಹಾಕಿ ತೇಕಿಯೇ ತಂಪಾಗಬೇಕು. ಹಾಗಂತ ಬ್ಯಾಸಿಗಿಯಲ್ಲಿ ಮೈ ಬೋಳಿಸಬಾರದು, ಬರೀ ತೊಗಲನ್ನು ಬಿಸಿಲು ಸುಡುತ್ತದೆ. ಕೂದಲು ಆಗುವುದು ಪ್ರೋಟೀನಿನಿಂದ. ಬರೀ ರೊಟ್ಟಿ ಚೂರು ಹಾಕಿದರೆ ಸಾಲದು ಅಂದರು. ಈಗ ಅವ್ವ ಕುದಿಸಿದ ತತ್ತಿ ಹಾಕುತ್ತಾಳೆ. (ನನಗೆ ದಿನಾ ಸಿಗುವುದಿಲ್ಲ!)

ಡಾಕ್ಟರು ಮತ್ತೆ ಮತ್ತೆ ಕರೆದು ಔಷಧ ಕೊಟ್ಟರು. ಈಗ ಕಿವಿ ಮೇಲೆ ಸಣ್ಣ ಸಣ್ಣ ಕರಿ ಕೂದಲು ಬಂದಿವೆ. ಬೆನ್ನ ಮೇಲೆ ಮಾತ್ರ ಅಂಗೈಯಷ್ಟು ಜಾಗ ಇನ್ನೂ ಬೋಳಾಗಿದೆ. ಸುಟ್ಟ ಎಣ್ಣಿ ತಂದವರೇ ಮೊನ್ನೆ ಬಂದು, "ನಮ್ಮ ನಾಯೀನೂ ಕೆರಕೊಳ್ಳಾಕತ್ತೈತಿ. ಆ ಡಾಕ್ಟರ ಯಾವಾಗ ಸಿಗತಾರ?" ಅಂತ ಅಜ್ಜನನ್ನು ಕೇಳಿದರು.