ಇಳಿದುಕೊಳ್ಳುವ ಮನೆ

ಪ್ರವಾಸ ಹೊರಡುವವರು ಮೊದಲು ಕೇಳಿಕೊಳ್ಳುವುದು ‘ಏನೇನು ನೋಡುವುದು’ ಎಂದು. ವಯಸ್ಸಾದಂತೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣತೊಡಗಿರುವ ಪ್ರಶ್ನೆ ಬೇರೆ: ರಾತ್ರಿ ಎಲ್ಲಿ ಮಲಗುವುದು? ಹಿಂದೊಮ್ಮೆ ಐದು ದಿನಕ್ಕೆ ಐದು ಊರು, ಐದು ವಸತಿಗೃಹ ಎಂದು ಸುತ್ತಿ ಬಂದಿದ್ದೆವು. ಆ ಪ್ರವಾಸದಲ್ಲಿ ಕಂಡ ಗುಡಿ ಗೋಪುರಗಳಿಗಿಂತ, ಬೆಳಿಗ್ಗೆ ಎದ್ದೊಡನೆ ಬಟ್ಟೆ ಮಡಚಿ ಚೀಲ ತುಂಬುತ್ತಿದ್ದ ಗಡಿಬಿಡಿಯೇ ಇಂದಿಗೂ ನೆನಪಿನಲ್ಲಿದೆ. ಆದುದರಿಂದ ಕಳೆದ ನವೆಂಬರಿನಲ್ಲಿ ಮಗ ತನ್ನ ಕಾರಿನಲ್ಲಿ ನಮ್ಮನ್ನು ನಾಲ್ಕು ದಿನ ಹಳ್ಳಿಗಾಡಿನ ಕಡೆ ಸುತ್ತಿಸಿಕೊಂಡು ಬರುವೆನೆಂದಾಗ ನಾನು ಹಾಕಿದ್ದು ಒಂದೇ ಷರತ್ತು. ಊರು ಎಷ್ಟಾದರೂ ನೋಡೋಣ, ಗಂಟು ಬಿಚ್ಚುವುದು ಮಾತ್ರ ಒಂದೇ ಕಡೆ.

ದಾವಣಗೆರೆ ಸೀಮೆ ಎಂಬುದು ಬೇಗನೆ ನಿರ್ಧಾರವಾಯಿತು. ಬೆಂಗಳೂರಿನಿಂದ ಸುಮಾರು 260 ಕಿ.ಮೀ.; ಹೆದ್ದಾರಿಯ ಸುಖ ಪ್ರಯಾಣ. ಊಟದ ಮೇಜಿನ ಮೇಲೆ ಭೂಪಟ ಹರಡಿ, ಮೊಮ್ಮಗಳ ಕೈವಾರದ ಮೊನೆಯನ್ನು ದಾವಣಗೆರೆಯ ಮೇಲೆ ಊರಿ ಮಗ ಒಂದು ವೃತ್ತ ಎಳೆದ. ತೆಂಕಣದಲ್ಲಿ ಸಂತೇಬೆನ್ನೂರು, ಅದರಾಚೆ ಶಾಂತಿಸಾಗರವೆಂದು ಈಗ ಕರೆಯಲಾಗುವ ಸೂಳೆಕೆರೆ. ಆಗ್ನೇಯಕ್ಕೆ 60 ಕಿ.ಮೀ. ದೂರದಲ್ಲಿ ಚಿತ್ರದುರ್ಗದ ಕೋಟೆ. ಬಡಗಣಕ್ಕೆ ಹರಪನಹಳ್ಳಿಯ ಬಳಿ ಬಾಗಳಿಯ ಕಲ್ಲೇಶ್ವರ ದೇವಾಲಯ. (ಹರಪನಹಳ್ಳಿ ತಾಲ್ಲೂಕು 2018ರಲ್ಲಿ ದಾವಣಗೆರೆಯಿಂದ ಬಳ್ಳಾರಿಗೂ, 2021ರಲ್ಲಿ ಅಲ್ಲಿಂದ ಹೊಸ ವಿಜಯನಗರ ಜಿಲ್ಲೆಗೂ ಹೋಯಿತು. ದೇವಾಲಯ ಮಾತ್ರ ಇದ್ದಲ್ಲಿಯೇ ಇದೆ.) ಪಡುವಣಕ್ಕೆ ಕೇವಲ 14 ಕಿ.ಮೀ. ದೂರದಲ್ಲಿ ಹರಿಹರ, ತುಂಗಭದ್ರೆ ಮತ್ತು ನಮ್ಮ ಆರೋಗ್ಯ ಮಾತೆಯ ಪುಣ್ಯಕ್ಷೇತ್ರ.

ಇಷ್ಟು ಹತ್ತಿರದ ಎರಡು ಊರುಗಳಲ್ಲಿ ಯಾವುದರಲ್ಲಿ ಇಳಿದುಕೊಂಡರೇನು ಎಂದು ಓದುಗರಿಗೆ ಅನ್ನಿಸಬಹುದು. ಮಗನ ಲೆಕ್ಕ ಬೇರೆ. ದಾವಣಗೆರೆಯಲ್ಲಿ ಒಳ್ಳೆಯ ವಸತಿಗೃಹಗಳಿವೆ, ಕಾರು ನಿಲ್ಲಿಸಲು ಜಾಗವಿದೆ, ಹೊತ್ತಲ್ಲದ ಹೊತ್ತಿನಲ್ಲಿ ಬೇಕಾದರೆ ಔಷಧದಂಗಡಿಯಿದೆ, ಎಲ್ಲ ದಿಕ್ಕಿಗೂ ರಸ್ತೆಯಿದೆ. ಇನ್ನೊಂದು ಮಾತನ್ನು ಅವನು ಸರಿಯಾಗಿಯೇ ಹೇಳಿದ. ಸುಗ್ಗಿಯ ಕಾಲದಲ್ಲಿ ಆ ಕಡೆಯ ಹಳ್ಳಿಯ ರಸ್ತೆಗಳೇ ಕಣವಾಗಿಬಿಡುತ್ತವೆ. ಅರ್ಧ ರಸ್ತೆಯ ಉದ್ದಕ್ಕೂ ಮೆಕ್ಕೆಜೋಳ, ಭತ್ತ ಒಣಗುತ್ತಿರುತ್ತದೆ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕತ್ತಲಾದ ಮೇಲೆ ಆ ಕಲ್ಲು ಕಾಣುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿಬಿಡಬಹುದಾದ ನಡುವಿನ ಊರೇ ಲೇಸು.

ಈ ಎಲ್ಲ ಮಾತುಕತೆಯಲ್ಲಿ ನಾವು ಮೂವರೂ ಎಚ್ಚರದಿಂದ ಬಿಟ್ಟುಬಿಟ್ಟ ಸಂಗತಿಯೊಂದಿತ್ತು. ಹರಿಹರದಲ್ಲಿ ನನ್ನ ಅಕ್ಕನ ಮನೆಯಿದೆ.

ಭಾವನವರು ತೀರಿಕೊಂಡು ನಾಲ್ಕು ವರ್ಷಗಳಾದವು. ಅಂದಿನಿಂದ ಅಕ್ಕ ಒಬ್ಬಳೇ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ನಾವು ಹರಿಹರಕ್ಕೆ ಹೋಗುತ್ತೇವೆ. ಬಲಿಪೂಜೆ ಮುಗಿಸಿ, ಅವಳ ಮನೆಯಲ್ಲಿ ಉಂಡು, ಸಂಜೆಯೇ ಹೊರಟುಬಿಡುತ್ತೇವೆ. ‘ಒಂದು ರಾತ್ರಿ ಇದ್ದು ಹೋಗಬಾರದೇ’ ಎಂದು ಅವಳು ಮೊದಲ ವರ್ಷ ಕೇಳಿದಾಗ, ಹೆಂಡತಿಯ ಮಂಡಿ ನೋವು, ಕೆಳಗೆ ಕೂರಲಾಗದು ಎಂದೇನೋ ಹೇಳಿದ್ದೆ. ಮರುವರ್ಷ ಅವಳು ಕೇಳಲಿಲ್ಲ. ಅವಳಿಗೆ ತೊಂದರೆ ಕೊಡಬಾರದು ಎಂಬುದು ನಾವು ನಮಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ, ರಾತ್ರಿ ದೀಪವಾರಿಸಿದ ಮೇಲೆ ಅವಳು ಭಾವನವರ ಮಾತು ತೆಗೆದರೆ ಏನು ಹೇಳಬೇಕೆಂದು ನನಗೆ ತಿಳಿಯದು. ಹಗಲು ನಾಲ್ಕು ಗಂಟೆಯ ಕಾಲ ದುಃಖವನ್ನು ಎದುರಿಸಬಹುದು; ರಾತ್ರಿಯೆಲ್ಲ ಅದರ ಪಕ್ಕದಲ್ಲಿ ಮಲಗುವುದು ಕಷ್ಟ. ದಾವಣಗೆರೆಯ ವಸತಿಗೃಹದಲ್ಲಿ ಎರಡು ಕೋಣೆಗಳನ್ನು ಕಾದಿರಿಸಿದೆವು.

ದಾವಣಗೆರೆ ನಮ್ಮನ್ನು ನಿರಾಶೆಗೊಳಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಗಿರಣಿಗಳ ಕಾಲ ಮುಗಿದರೂ ಊಟ ತಿಂಡಿಯ ಕೀರ್ತಿ ಕುಂದಿಲ್ಲ. ಶುಕ್ರವಾರ ಸಂಜೆ ಮಂಡಕ್ಕಿ, ಮೆಣಸಿನಕಾಯಿ. ಶನಿವಾರ ಬೆಳಿಗ್ಗೆ ಬೆಣ್ಣೆ ದೋಸೆ. ಕಾವಲಿಯ ಮೇಲೆ ಬೆಣ್ಣೆ ಕರಗುವುದನ್ನು ಮೊಮ್ಮಗಳು ಬಲಿಪೀಠದೆದುರು ನಿಂತಷ್ಟು ಶ್ರದ್ಧೆಯಿಂದ ನೋಡಿದಳು.

ದೋಸೆ ತಿಂದು ಅಕ್ಕನಿಗೆ ಫೋನು ಮಾಡಿದೆ. ದಾವಣಗೆರೆಯಲ್ಲಿ ಇಳಿದುಕೊಂಡಿದ್ದೇವೆ, ನಾಳೆ ಭಾನುವಾರದ ಪೂಜೆಗೆ ಹರಿಹರಕ್ಕೆ ಬರುತ್ತೇವೆ ಎಂದೆ. ಒಂದು ಗಳಿಗೆ ಮೌನ. ಆಮೇಲೆ, “ಒಳ್ಳೇದಾಯ್ತು ಬಿಡೋ. ಅಲ್ಲಿ ಅನುಕೂಲ ಜಾಸ್ತಿ” ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದು ಸಂತೇಬೆನ್ನೂರಿನ ಪುಷ್ಕರಣಿ ನೋಡಿದೆವು. ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಮೆಟ್ಟಿಲುಗಳ ಹೊಂಡ, ನಡುವೆ ನೀರಿನಲ್ಲಿ ನಿಂತ ಮಂಟಪ. ದಡದ ಮೇಲಿನ ದೊಡ್ಡ ಕಟ್ಟಡವನ್ನು ಜನ ಮುಸಾಫಿರ್‌ಖಾನೆ ಎನ್ನುತ್ತಾರೆ. ಹಾಗೆಂದರೇನು ಎಂದು ಮೊಮ್ಮಗಳು ಕೇಳಿದಳು. ದಾರಿಹೋಕರು ಇಳಿದುಕೊಳ್ಳುವ ಮನೆ ಎಂದೆ. “ಅಲ್ಲಿ ಅವರಿಗೆ ನೆಂಟರು ಇರಲಿಲ್ಲವೇ ತಾತ?” ಎಂದು ಮರುಪ್ರಶ್ನೆ ಬಂತು. ಹೆಂಡತಿ ನೀರಿನ ಕಡೆಗೆ ಮುಖ ತಿರುಗಿಸಿಕೊಂಡಳು.

ಸೂಳೆಕೆರೆಯ ಏರಿಯ ಮೇಲೆ ನಿಂತಾಗ ನಮಗೆ ಮಾತು ಹೊರಡಲಿಲ್ಲ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಏರಿ. ಅದರ ಉದ್ದ ಹೆಚ್ಚಲ್ಲ. ಹಿಡಿದಿಟ್ಟ ನೀರು ಮಾತ್ರ ಕಣ್ಣಳತೆ ಮೀರಿದ್ದು. ಕೆರೆಯ ಸುತ್ತಳತೆ 40 ಮೈಲಿ ಎಂದು ಹಳೆಯ ಮೈಸೂರು ಗೆಜೆಟಿಯರು ಬರೆದಿಟ್ಟಿದೆ. ಈಗ ಭದ್ರಾ ನಾಲೆಯ ನೀರೂ ಇದಕ್ಕೆ ಬಂದು ಸೇರುತ್ತದೆ. ಹೀಗೆ ತಡೆಹಿಡಿದಿರುವುದು ಹರಿದ್ರಾ ಎಂಬ ಪುಟ್ಟ ಹೊಳೆಯನ್ನು. ಕೆರೆಯಿಂದ ಹೊರಬಿದ್ದು ಬಡಗಣಕ್ಕೆ ಹರಿದು ಅದು ತುಂಗಭದ್ರೆಯನ್ನು ಸೇರುವುದು ಹರಿಹರದಲ್ಲಿ.

ಆ ರಾತ್ರಿ ವಸತಿಗೃಹದಲ್ಲಿ ನಿದ್ದೆ ಬರಲಿಲ್ಲ. ಹಾಸಿಗೆಯದೇನೂ ತಪ್ಪಿರಲಿಲ್ಲ. ಪ್ರಭು ಯೇಸುವೂ ಊರೂರು ತಿರುಗಿದವರೇ ಎಂಬುದು ನೆನಪಿಗೆ ಬಂತು. ನಜರೇತನ್ನು ಬಿಟ್ಟು ಅವರು ಕಫೆರ್ನವುಮಿನಲ್ಲಿ ನೆಲೆಸಿ ಗಲಿಲೇಯವನ್ನೆಲ್ಲ ಸುತ್ತಿದರು. ಕೊನೆಯ ವಾರದಲ್ಲಿ ಹಗಲೆಲ್ಲ ಜೆರುಸಲೇಮಿನಲ್ಲಿದ್ದು ಸಂಜೆಗೆ ಬೆಥಾನಿಗೆ ನಡೆದುಹೋಗುತ್ತಿದ್ದರು. ಬೆಥಾನಿಗೆ ಜೆರುಸಲೇಮಿನಿಂದ ಸುಮಾರು ಮೂರು ಕಿ.ಮೀ. ದೂರ ಎಂದು ಸಂತ ಯೊವಾನ್ನರ ಶುಭಸಂದೇಶದ ಲೆಕ್ಕದಿಂದ ತಿಳಿಯುತ್ತದೆ. ಅನುಕೂಲವನ್ನು ನೋಡಿದ್ದರೆ ಪಟ್ಟಣದಲ್ಲಿಯೇ ಉಳಿಯಬಹುದಿತ್ತು. ಮಾರ್ತಾ, ಮರಿಯರ ಮನೆ ಬೆಥಾನಿಯಲ್ಲಿತ್ತು. ಅದು ಸಾವನ್ನು ಕಂಡ ಮನೆ, ಅತ್ತ ಮನೆ. ಇನ್ನು ಶಿಷ್ಯರನ್ನು ಕಳುಹಿಸುವಾಗ ಅವರು ಕೊಟ್ಟ ಅಪ್ಪಣೆಯನ್ನು ಸಂತ ಲೂಕರು ಬರೆದಿದ್ದಾರೆ: ಮನೆಯಿಂದ ಮನೆಗೆ ಬದಲಾಯಿಸಬೇಡಿ, ಇಳಿದುಕೊಂಡ ಮನೆಯಲ್ಲಿಯೇ ಇರಿ, ಅಲ್ಲಿ ಬಡಿಸಿದ್ದನ್ನು ಉಣ್ಣಿರಿ ಎಂಬ ಅರ್ಥದ ಮಾತು. ನನ್ನ ಷರತ್ತೂ ಅದೇ ಆಗಿತ್ತಲ್ಲ! ವಾಕ್ಯವನ್ನು ಪಾಲಿಸುತ್ತಲೇ ಅದರಿಂದ ತಪ್ಪಿಸಿಕೊಳ್ಳುವ ಜಾಣತನ ನನ್ನ ವಯಸ್ಸಿನವರಿಗೆ ಚೆನ್ನಾಗಿ ಬರುತ್ತದೆ.

ಭಾನುವಾರ ಆರೋಗ್ಯ ಮಾತೆಯ ಮಹಾದೇವಾಲಯದಲ್ಲಿ ಬಲಿಪೂಜೆ. ಈಗ ಅದಕ್ಕೆ ಬೆಸಿಲಿಕಾ ಪದವಿಯಿದೆ. ಹಬ್ಬದ ಜನಜಂಗುಳಿಯಲ್ಲಿ ಮಾತ್ರ ಕಂಡಿದ್ದ ಪುಣ್ಯಕ್ಷೇತ್ರ ಅಂದು ಸಾಧಾರಣ ಭಾನುವಾರದ ಶಾಂತಿಯಲ್ಲಿತ್ತು. ಅಕ್ಕ ನಮಗೆ ಬೆಂಚಿನಲ್ಲಿ ಜಾಗ ಹಿಡಿದಿಟ್ಟು, ಜಪಸರವನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದಳು.

ಮನೆಯಲ್ಲಿ ಊಟವಾದ ಮೇಲೆ ಮೊಮ್ಮಗಳು ಮಹಡಿಗೆ ಓಡಿದಳು. “ತಾತ, ಇಲ್ಲಿ ನಾಲ್ಕು ಹಾಸಿಗೆ ಇದೆ” ಎಂದು ಅಲ್ಲಿಂದಲೇ ಕೂಗಿದಳು. ಹೋಗಿ ನೋಡಿದೆವು. ಬಿಸಿಲಿಗೆ ಹಾಕಿ ತೆಗೆದ ಹಾಸಿಗೆಗಳು, ಹೊಸ ದಿಂಬಿನ ಚೀಲಗಳು, ಸೊಳ್ಳೆಪರದೆ. ಹೆಂಡತಿ ಪಕ್ಕದ ಬಾಗಿಲು ತೆರೆದು ನಿಂತೇಬಿಟ್ಟಳು. ಒಳಗೆ ಹೊಸ ಕಮೋಡು, ಗೋಡೆಗೆ ಹಿಡಿದೇಳಲು ಕಬ್ಬಿಣದ ಹಿಡಿ.

“ಇದು ಯಾವಾಗ ಹಾಕಿಸಿದೆ ಅಕ್ಕಾ?”

“ಮೂರು ವರ್ಷ ಆಯ್ತು. ಇವಳಿಗೆ ಮಂಡಿ ನೋವು ಅಂದಿದ್ದೆಯಲ್ಲ.”

ನಾನು ಬಾಯಿಗೆ ಬಂದದ್ದು ಹೇಳಿ ಮರೆತ ನೆಪವನ್ನು ಅವಳು ನಿಜವೆಂದು ನಂಬಿ, ಪಿಂಚಣಿಯ ಹಣದಲ್ಲಿ ಅದಕ್ಕೆ ಪರಿಹಾರ ಮಾಡಿಸಿಟ್ಟಿದ್ದಳು. ಮಾಡಿಸಿದ್ದೇನೆ ಎಂದು ಹೇಳಿಯೂ ಇರಲಿಲ್ಲ. ಹೇಳಿದರೆ ಒತ್ತಾಯ ಮಾಡಿದಂತಾಗುತ್ತದೆ ಎಂದುಕೊಂಡಳಂತೆ. ಹೆಂಡತಿ ನನ್ನ ಮುಖ ನೋಡಲಿಲ್ಲ. ಮಗನನ್ನು ಕರೆದು, ದಾವಣಗೆರೆಗೆ ಹೋಗಿ ಚೀಲಗಳನ್ನು ತಂದುಬಿಡು ಎಂದಳು. ಲೂಕರ ಅಪ್ಪಣೆಯನ್ನು ಮೀರಿ ಮನೆ ಬದಲಾಯಿಸಿದ್ದು ಹೀಗೆ.

ಸಂಜೆ ಅಕ್ಕ ನಮ್ಮನ್ನು ಹರಿಹರೇಶ್ವರ ದೇವಾಲಯಕ್ಕೆ ಕರೆದೊಯ್ದಳು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಶಿವನೂ ವಿಷ್ಣುವೂ ಒಂದೇ ವಿಗ್ರಹದಲ್ಲಿ ಅರ್ಧರ್ಧ. ಅಕ್ಕನ ಕೈ ಮಾತ್ರ ಮಂಟಪದ ಕಂಬದ ಮೇಲಿತ್ತು. ಕನ್ನಡಿಯಂತೆ ನುಣುಪಾದ, ತಿರುಗಣೆಯಲ್ಲಿ ಕಡೆದ ಕಂಬ. ಇಪ್ಪತ್ತನೆಯ ಶತಮಾನದಲ್ಲಿ ಲೇತ್ ಯಂತ್ರಗಳಿಗೆ ಹೆಸರಾದ ಊರಿದು. ಭಾವನವರು ಅಂಥ ಯಂತ್ರದ ಮುಂದೆ ನಿಂತು ದುಡಿದವರು. “ಬಂದಾಗಲೆಲ್ಲ ಇದನ್ನು ಸವರಿ, ಇಲ್ಲಿ ಉಳಿ ಎಷ್ಟು ಒಳಗೆ ಹೋಗಿದೆ, ಇಲ್ಲಿ ಎಷ್ಟು ಅಂತ ಹೇಳೋರು” ಎಂದಳು. ಅಂದು ರಾತ್ರಿ ದೀಪವಾರಿದ ಮೇಲೆ ಅವಳು ಮಾತನಾಡಿದಳು. ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಹೂಂಗುಟ್ಟಿದರೆ ಸಾಕಾಗಿತ್ತು.

ಸೋಮವಾರಕ್ಕೆ ಪಟ್ಟಿಯಲ್ಲಿದ್ದುದು ಚಿತ್ರದುರ್ಗ. ತಿಂಡಿ ತಿನ್ನುವಾಗ ಮಗ ಸೂಳೆಕೆರೆಯ ವರ್ಣನೆ ಮಾಡುತ್ತಿದ್ದ. ಅಕ್ಕ ಕೇಳಿಸಿಕೊಂಡು, “ನಾನು ಈ ಊರಿಗೆ ಬಂದು ನಲವತ್ತು ವರ್ಷ ಆಯ್ತು. ಅದನ್ನು ಒಂದು ಸಲವೂ ನೋಡಿಲ್ಲ” ಎಂದಳು. ಮಗ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಒಂದೇ ಪ್ರವಾಸದಲ್ಲಿ ಒಂದೇ ಕೆರೆಗೆ ಎರಡು ಸಲ ಹೋದವರು ನಾವು. ಪೆಟ್ರೋಲಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಯೋಜನೆಯಿಲ್ಲ. ದಾರಿಯುದ್ದಕ್ಕೂ ಭತ್ತದ ಗದ್ದೆ, ನಾಲೆ, ಅಡಿಕೆ ತೋಟ. ರಸ್ತೆಯ ಮೇಲೆ ಹಳದಿ ಜಮಖಾನೆಯಂತೆ ಮೆಕ್ಕೆಜೋಳ. ಏರಿಯ ಮೇಲೆ ಅಕ್ಕ ಸೆರಗನ್ನು ತಲೆಗೆ ಹೊದ್ದು ಬಹಳ ಹೊತ್ತು ನಿಂತಳು.

“ಇಷ್ಟು ನೀರೇ! ನಮ್ಮೂರಿಗೆ ಬಂದು ಸೇರುವಾಗ ಒಂದು ಹಳ್ಳದಷ್ಟೇ ಇರುತ್ತಪ್ಪ” ಎಂದಳು.

ಬಿಸಿಲು ಗುಡ್ಡದಾಚೆ ಸರಿಯತೊಡಗಿತ್ತು. ಮೊಮ್ಮಗಳಿಗೆ ಇನ್ನೂ ಕಲ್ಲೆಸೆಯುವ ಆಟ ಮುಗಿದಿರಲಿಲ್ಲ. ಅಕ್ಕ ಅವಳ ಕೈಹಿಡಿದು ಕಾರಿನ ಕಡೆ ನಡೆಸುತ್ತ, “ರಸ್ತೇಲಿ ಜೋಳ ಹರಡಿದ್ದಾರೆ, ಕತ್ತಲಾದರೆ ಕಷ್ಟ. ಬೇಗ ಮನೆಗೆ ಹೋಗೋಣ ಬನ್ನಿ” ಎಂದಳು.