ಓಡಿಸದ ಅರ್ಧ ಗಾಡಿ

ಹೈದರಾಬಾದಿನಲ್ಲಿ ಹಳೆಯ ಜಿಪ್ಸಿ ಇಟ್ಟುಕೊಂಡವನಿಗೆ ಪುಕ್ಕಟೆ ಸಲಹೆಗಳಿಗೆ ಬರವಿಲ್ಲ. ಮೊದಲ ಗೇರಿನಿಂದ ರಿವರ್ಸಿಗೆ, ರಿವರ್ಸಿನಿಂದ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ನನ್ನ ಗಾಡಿ ತಳದಲ್ಲಿ ‘ಢಕ್’ ಎನ್ನತೊಡಗಿತು. ಕಾಚಿಗೂಡದ ನಮ್ಮ ಗಲ್ಲಿಯಲ್ಲಿ ಹಿಂದೆ ಮುಂದೆ ಆಡಿಸದೆ ಗಾಡಿ ತಿರುಗದು. ಹೀಗಾಗಿ ನಾನು ಹೊರಟದ್ದು ಬಂದದ್ದು ಓಣಿಗೆಲ್ಲ ಗೊತ್ತಾಗುತ್ತಿತ್ತು. “ಅಲ್ರೀ, ತಳದಾಗ ಏನೋ ಮುರದದ, ನಾ ಆಟೋದಾಗ ಬರ್ತೀನಿ” ಎಂದು ಕಲಬುರಗಿಯ ನನ್ನ ಹೆಂಡತಿ ಇಳಿದೇ ಬಿಟ್ಟಳು.

ಪಕ್ಕದ ಮನೆಯವರು ಗೇರ್‌ಬಾಕ್ಸ್ ಎಂದರು. ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮದಲ್ಲಿ ಸಿಕ್ಕ ಹಿರಿಯರೊಬ್ಬರು, ವೇದಿಕೆಯ ಮೇಲೆ ಭಾಷಣ ನಡೆದಿರುವಾಗಲೇ, ಎಂಜಿನ್ ಫೌಂಡೇಶನ್ ಎಂದು ಕಿವಿಯಲ್ಲಿ ತೀರ್ಪು ಕೊಟ್ಟರು. ದೊಡ್ಡ ವರ್ಕ್‌ಶಾಪೊಂದು ಒಂದೇ ಸುತ್ತು ಓಡಿಸಿ ನೋಡಿ, ಕ್ರೌನ್ ಪಿನಿಯನ್ ಹೋಗಿದೆ, ಡಿಫರೆನ್ಷಿಯಲ್ ಇಳಿಸಬೇಕು ಎಂದಿತು. ಅವರು ಬರೆದುಕೊಟ್ಟ ಅಂದಾಜು ಪಟ್ಟಿ ನೋಡಿದರೆ ಗಾಡಿಯೇ ನಾಚಿಕೊಳ್ಳಬೇಕು.

ಕೊನೆಗೆ ರಾಣಿಗಂಜ್ ಕಡೆಯ ಒಬ್ಬ ಉಸ್ತಾದರ ಬಳಿ ಹೋದೆ. ನಾನು ಬಾಯಿಂದ ಢಕ್ ಢಕ್ ಮಾಡಿ ತೋರಿಸುತ್ತಿದ್ದರೆ ಅವರು ಚಹಾ ಮುಗಿಸಿ, “ಆವಾಜ್ ಕೆ ಪೀಛೆ ನಕ್ಕೊ ಜಾವೋ ಸಾಬ್” ಎಂದರು. ಸದ್ದಿನ ಬೆನ್ನು ಹತ್ತಬೇಡಿ ಎಂದು. ಲೋಹದ ಮೇಲೆ ಸದ್ದು ಹರಿದಾಡುತ್ತದೆ, ಹಿಂದಿನದು ಮುಂದೆ ಕೇಳಿಸುತ್ತದೆ. ಗಾಲಿಗಳಿಗೆ ಇಟ್ಟಿಗೆ ಕೊಟ್ಟು, ಗೇರು ನ್ಯೂಟ್ರಲ್ ಮಾಡಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದರು. ನನ್ನನ್ನೂ ಕರೆದರು. ಹೊಟ್ಟೆ ಬಂದಿರುವವರು ಜಿಪ್ಸಿಯ ಕೆಳಗೆ ನುಸುಳುವುದು ನೋಡುವವರಿಗೆ ಒಳ್ಳೆಯ ಮನರಂಜನೆ.

ಈ ಗಾಡಿಯ ಹೊಟ್ಟೆಯ ಕೆಳಗೆ ಒಂದಲ್ಲ, ಮೂರು ಪ್ರೊಪೆಲ್ಲರ್ ಶಾಫ್ಟ್‌ಗಳಿವೆ. ಗೇರ್‌ಬಾಕ್ಸಿನಿಂದ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಒಂದು ಗಿಡ್ಡ ಶಾಫ್ಟ್, ಅಲ್ಲಿಂದ ಹಿಂದಿನ ಆಕ್ಸಲ್ಲಿಗೊಂದು, ಮುಂದಿನದಕ್ಕೊಂದು. ಪ್ರತಿಯೊಂದರ ಎರಡು ತುದಿಗೂ ಒಂದೊಂದು ಕ್ರಾಸ್, ಅಂದರೆ ಕೋನದಲ್ಲಿಯೂ ತಿರುಗಬಲ್ಲ ಕೀಲು. ಕ್ರಾಸಿನ ನಾಲ್ಕು ಬಟ್ಟಲುಗಳೊಳಗೆ ಸೂಜಿಯಂಥ ಬೇರಿಂಗುಗಳು. ಗ್ರೀಸ್ ಒಣಗಿದರೆ ಅವು ಸವೆದು ಪುಡಿಯಾಗುತ್ತವೆ. ಉಸ್ತಾದರು ಹಿಂದಿನ ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಚಿದರು. ಶಾಫ್ಟ್ ಆಡಿತು, ಅದರಾಚೆಯ ಫ್ಲೇಂಜ್ ಆಡಲಿಲ್ಲ. ಬಟ್ಟಲಿನ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ. ಅಪರಾಧಿ ಸಿಕ್ಕಿದ. ಸಹಚರನೂ ಇದ್ದ: ಟ್ರಾನ್ಸ್‌ಫರ್ ಕೇಸನ್ನು ಹೊತ್ತ ರಬ್ಬರ್ ಮೌಂಟಿಂಗುಗಳಲ್ಲಿ ಒಂದು ಹರಿದಿತ್ತು. ಅಲ್ಲಿಷ್ಟು ಸಡಿಲ, ಇಲ್ಲಿಷ್ಟು ಸಡಿಲ. ಯಾವುದೂ ಒಂದೇ ದಿನ ಆದದ್ದಲ್ಲ. ಎಲ್ಲ ಸೇರಿದಾಗ ಢಕ್. ಪಾಪದ ಡಿಫರೆನ್ಷಿಯಲ್ ನಿರ್ದೋಷಿ.

ಶಾಫ್ಟ್ ಬಿಚ್ಚುವ ಮೊದಲು ಉಸ್ತಾದರು ಸೀಮೆಸುಣ್ಣದಿಂದ ಜೋಡಣೆಯ ಗುರುತು ಹಾಕಿದರು. ಕೋನದಲ್ಲಿ ತಿರುಗುವ ಕ್ರಾಸ್ ಒಂದು ಸುತ್ತಿನಲ್ಲಿ ಎರಡು ಬಾರಿ ವೇಗ ಏರಿಸಿ ಇಳಿಸುತ್ತದೆ. ಆ ಏರಿಳಿತವನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕಾದರೆ ಶಾಫ್ಟಿನ ಎರಡೂ ತುದಿಯ ಯೋಕುಗಳು, ಅಂದರೆ ಕ್ರಾಸ್ ಹಿಡಿಯುವ ಕವಲುಗಳು, ಒಂದೇ ನೇರಕ್ಕಿರಬೇಕು. 17ನೇ ಶತಮಾನದಲ್ಲಿ ರಾಬರ್ಟ್ ಹುಕ್ ತಲೆಕೆಡಿಸಿಕೊಂಡ ಲೆಕ್ಕವನ್ನು ಉಸ್ತಾದರು ಒಂದು ಗೀಟಿನಲ್ಲಿ ಮುಗಿಸಿದರು.

ಆಮೇಲೆ ಮುಂದಿನ ಶಾಫ್ಟ್ ಹಿಡಿದು ನೋಡಿದರು. ಬಣ್ಣ ಕೂಡ ಮಾಸಿರಲಿಲ್ಲ, ಕ್ರಾಸ್ ಗಟ್ಟಿಮುಟ್ಟಾಗಿತ್ತು. “ಆಧೀ ಗಾಡಿ ತೊ ಆಪ್ ಚಲಾಯೇಚ್ ನೈ ಸಾಬ್” ಎಂದರು.

ಅರ್ಧ ಗಾಡಿಯನ್ನು ನಾನು ಓಡಿಸಿಯೇ ಇಲ್ಲವಂತೆ. ನಿಜ. ಮುಂದಿನ ಗಾಲಿಗಳ ಹಬ್‌ಗಳನ್ನು ‘ಫ್ರೀ’ಯಲ್ಲಿ ಬಿಟ್ಟು, ಸಣ್ಣ ಲಿವರನ್ನು ಎರಡೇ ಗಾಲಿಯಲ್ಲಿ ಇಟ್ಟರೆ ಮುಂದಿನ ಶಾಫ್ಟ್ ಸುಮ್ಮನೆ ಮಲಗಿರುತ್ತದೆ. ಒಣ ಡಾಂಬರಿನ ಮೇಲೆ ನಾಲ್ಕೂ ಗಾಲಿಗೆ ಹಾಕುವಂತೆಯೂ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಹೋಗಬೇಕು, ಮುಂದಿನ ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಶಾಫ್ಟುಗಳು ಒಂದನ್ನೊಂದು ತಿರುಚುತ್ತವೆ. ಕೊಂಡದ್ದೇನೋ ಮಳೆಗಾಲದಲ್ಲಿ ಅನಂತಗಿರಿಯ ಕೆಸರು ತುಳಿಯಲು, ಮೂಸಿ ಹುಟ್ಟುವ ಗುಡ್ಡ ಹತ್ತಲು. ಜೊತೆಗೆ ಬರಬೇಕಿದ್ದ ಗೆಳೆಯರಲ್ಲಿ ಕೆಲವರು ಅಮೆರಿಕಕ್ಕೆ ಹೋದರು, ಉಳಿದವರು ಗಚ್ಚಿಬೌಲಿಗೆ. ಎರಡೂ ಒಂದೇ, ಯಾರೂ ಸಿಗುವುದಿಲ್ಲ. ಗಾಡಿ ಮಾತ್ರ ತರಕಾರಿ, ಗ್ಯಾಸ್ ಸಿಲಿಂಡರ್, ಬೀದರಿನ ಮದುವೆಗಳೆನ್ನುತ್ತ ಹಿಂದಿನ ಎರಡು ಗಾಲಿಗಳ ಮೇಲೆಯೇ ಸಂಸಾರ ಮಾಡಿತು. 1985ರಲ್ಲಿ ಬಂದ ಜಿಪ್ಸಿಯನ್ನು ಜನಸಾಮಾನ್ಯರಿಗೆ ಮಾರುವುದು 2019ರಲ್ಲಿ ನಿಂತಿತು. ನನ್ನ ಗಾಡಿಯ ಮುಂದಿನ ಆಕ್ಸಲ್ಲಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಹಿಂದಿನ ಶಾಫ್ಟಿಗೆ ಹೊಸ ಕ್ರಾಸ್, ಹರಿದದ್ದಕ್ಕೆ ಹೊಸ ಮೌಂಟಿಂಗ್ ಹಾಕಿದ ಮೇಲೆ ಢಕ್ ಹೋಯಿತು. ಹೆಂಡತಿ ಮತ್ತೆ ಗಾಡಿ ಹತ್ತಿದಳು.

ಹಳೆಯ ಜಿಪ್ಸಿ, ಜೀಪು ಇರುವವರಲ್ಲಿ ಒಂದು ವಿನಂತಿ. ಕ್ರಾಸ್ ಬದಲಿಸುವಾಗ ಗ್ರೀಸ್ ನಿಪ್ಪಲ್ ಇರುವುದನ್ನೇ ಹಾಕಿಸಿ. ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಹೊರಬರುವ ತನಕ ಒತ್ತಿಸಿ. ನೀರಿಗಿಳಿದು ಬಂದರೆ ಮರುದಿನವೇ ಮತ್ತೆ ಹಾಕಿಸಿ. ಆಗಾಗ ಮಣ್ಣಿನ ದಾರಿ ಕಂಡಲ್ಲಿ ಹಬ್ ಲಾಕ್ ಮಾಡಿ, ಮುಂದಿನ ಗಾಲಿಗಳಿಗೂ ಕೆಲಸ ಕೊಡಿ. ಹಾಗೇನಾದರೂ ಅನಂತಗಿರಿ ಕಡೆ ಹೊರಡುವುದಿದ್ದರೆ ನನಗೂ ಒಂದು ಮಾತು ಹೇಳಿ, ನಾನೂ ಬರುತ್ತೇನೆ.