ಎಣ್ಣೆ ಸೋರಿದರೆ ಮೊದಲು ನೋಡಿ, ಆಮೇಲೆ ಹಣ ಕೊಡಿ

ಮನೆಯ ಮುಂದೆ ನಿಂತ ಗಾಡಿಯ ಕೆಳಗೆ ಎಣ್ಣೆಯ ಕಲೆ ಕಂಡರೆ ನೀವೇನು ಮಾಡುತ್ತೀರಿ? 'ಅದು ಗಂಡಸರ ವಿಷಯ' ಎಂದು ಸುಮ್ಮನಾಗುತ್ತೀರಾ? ಆದರೆ ರಿಪೇರಿಯ ಹಣ ಹೋಗುವುದು ನಿಮ್ಮ ಅಡುಗೆಮನೆಯ ಖರ್ಚಿನಿಂದ, ಮಕ್ಕಳ ಶಾಲಾ ಶುಲ್ಕದಿಂದ ಎಂಬುದನ್ನು ಮರೆಯಬೇಡಿ.

ಕಳೆದ ಬೇಸಿಗೆ ರಜೆಯಲ್ಲಿ ನಾವು ನಮ್ಮ ಹಳೆಯ ಓಮ್ನಿಯಲ್ಲಿ ಸಾವನದುರ್ಗಕ್ಕೆ ಹೋಗಿದ್ದೆವು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪು ಸುಲ್ತಾನರಿಂದ ಈ ಬೆಟ್ಟದ ಕೋಟೆಯನ್ನು ಕಿತ್ತುಕೊಂಡ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ಹೊರಡುವಾಗ ಗಾಡಿ ನಿಂತಿದ್ದ ಜಾಗದಲ್ಲಿ ನಾಲ್ಕೈದು ಹನಿ ಎಣ್ಣೆ ಕಂಡಿತು. ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಮೆಕ್ಯಾನಿಕ್ ಒಮ್ಮೆ ಬಗ್ಗಿ ನೋಡಿ, "ಹಿಂದಿನ ಆಯಿಲ್ ಸೀಲ್ ಹೋಗಿದೆ. ಗೇರ್ ಬಾಕ್ಸ್ ಇಳಿಸಬೇಕು, 12 ಸಾವಿರ ಆಗುತ್ತೆ" ಎಂದರು. ನನ್ನ ಒಂದು ತಿಂಗಳ ಸಂಬಳವೇ ಅಷ್ಟು! ಮನೆಯವರು ಒಪ್ಪುವುದರಲ್ಲಿದ್ದರು. "ಎಲ್ಲಿಂದ ಸೋರುತ್ತಿದೆ, ಸ್ವಲ್ಪ ತೋರಿಸಿ ಅಣ್ಣಾ" ಎಂದೆ. ಅವರು ತೋರಿಸಲಿಲ್ಲ. ಆಯಿಲ್ ಮಟ್ಟ ಸರಿಯಾಗಿರುವುದನ್ನು ನೋಡಿಕೊಂಡು ನಿಧಾನವಾಗಿ ಮನೆಗೆ ಬಂದೆವು.

ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಇಂಜಿನ್ ತಣ್ಣಗಾದ ಮೇಲೆ ಸೀಟು ಎತ್ತಿ ಟಾರ್ಚ್ ಬಿಟ್ಟು ನೋಡಿದೆವು. ಇಂಜಿನ್ನಿನ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನ ಅಂಚಿನಲ್ಲಿ ಜಿಡ್ಡು. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮರುದಿನ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಿದಾಗ ಅದೇ ಅಂಚು ಒದ್ದೆಯಾಗಿತ್ತು. ಅಲ್ಲಿನ ರಬ್ಬರ್ ಪ್ಯಾಕಿಂಗ್ ಹಳೆಯದಾಗಿ ಗಟ್ಟಿಯಾಗಿತ್ತು. ರಾಮನಗರದ ಪರಿಚಯದ ಮೆಕ್ಯಾನಿಕ್ ಅದನ್ನು ಬದಲಿಸಿದರು. ಕೂಲಿ ಸೇರಿ 700 ರೂಪಾಯಿ. ಸೋರಿಕೆ ನಿಂತಿತು.

ಎಣ್ಣೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹನಿ ಬಿದ್ದ ಜಾಗವೇ ಸೋರಿಕೆಯ ಜಾಗವಲ್ಲ. ಒರೆಸಿ ನೋಡಿದಾಗ ಎಲ್ಲಕ್ಕಿಂತ ಮೇಲೆ ಒದ್ದೆಯಾಗಿರುವ ಜಾಗವನ್ನು ಹುಡುಕಿ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಕಂದು ಅಥವಾ ಕಪ್ಪು ಜಿಡ್ಡಾದರೆ ಸಾಮಾನ್ಯವಾಗಿ ಇಂಜಿನ್ ಆಯಿಲ್. ಹಸಿರು ಇಲ್ಲವೇ ಕೆಂಪು ನೀರಾದರೆ ಕೂಲೆಂಟ್ ಇರಬಹುದು. ಬರೀ ನೀರಾದರೆ ಏಸಿಯದು. ಆಯಿಲ್ ಬದಲಿಸಿದ ಹೊಸತರಲ್ಲೇ ಸೋರಿದರೆ ಕೆಳಗಿನ ಡ್ರೈನ್ ಬೋಲ್ಟಿನ ವಾಷರ್ ಮತ್ತು ಆಯಿಲ್ ಫಿಲ್ಟರ್ ಸರಿಯಾಗಿ ಕೂತಿದೆಯೇ ಎಂದು ಕೇಳಿ.

ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಆಫ್ ಮಾಡಿ, ಸ್ವಲ್ಪ ಹೊತ್ತಾದ ಮೇಲೆ ಅಳತೆ ಕಡ್ಡಿಯನ್ನು ಒರೆಸಿ, ಅದ್ದಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ತುಂಬಿಸುವುದೂ ತಪ್ಪು. ಆದರೆ ಓಡುವಾಗ ಆಯಿಲ್ ದೀಪ ಕೆಂಪಗೆ ಹತ್ತಿದರೆ ಅಥವಾ ಹೊಗೆ, ಸುಟ್ಟ ವಾಸನೆ ಬಂದರೆ ತಡಮಾಡಬೇಡಿ, ಅಲ್ಲೇ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರಲ್ಲ. ಹಿಂದಿನ ಸೀಲ್ ನಿಜವಾಗಿಯೂ ಹೋಗಿದ್ದರೆ ಖರ್ಚು ಹೆಚ್ಚೇ. ಸೀಲ್ ಅಗ್ಗದ್ದಾದರೂ ಗೇರ್ ಬಾಕ್ಸ್ ಇಳಿಸುವ ಕೂಲಿ ದುಬಾರಿ. ಆದರೆ ತೋರಿಸಿ ಎಂದು ಕೇಳುವುದು ಅವಮಾನವಲ್ಲ. ನಮ್ಮ ರಾಮನಗರದಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡದೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ?

ಕೆಲಸಕ್ಕೆ ಮೊದಲು ಸಾಮಾನಿನ ಬೆಲೆ, ಕೂಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಇನ್ನೊಂದು ಕಡೆ ವಿಚಾರಿಸಿ. ಬದಲಿಸಿದ ಹಳೆಯ ಸಾಮಾನು ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಂದೇ ಆ ಅಳತೆ ಕಡ್ಡಿ ಎಲ್ಲಿದೆ ಎಂದು ಮನೆಯವರನ್ನು ಕೇಳಿ ತಿಳಿದುಕೊಳ್ಳಿ, ಮಗಳಿಗೂ ತೋರಿಸಿ.